ಬಿಟ್ಟಿ, ಕಟ್ಟಳೆ, ಶ್ರಮದಾನ

‘ಬಿಟ್ಟಿ’ ಎಂಬ ಮಾತು ನಮ್ಮ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುತ್ತದೆ. ‘ದುಡ್ಡೇನು ಬಿಟ್ಟಿ ಬಿದ್ದಿದೆಯೆ?’ ಎಂದು ತಾಯಿ ಮಗನನ್ನು ಗದರುತ್ತಾಳೆ. ‘ಈ ಬಿಟ್ಟಿ ಚಾಕರಿ ನನ್ನಿಂದಾಗದು’ ಎಂದು ಕಚೇರಿಯಿಂದ ಬಂದ ಯಜಮಾನರು ಗೊಣಗುತ್ತಾರೆ. ಒಂದೇ ಮಾತಿಗೆ ಎರಡು ಅರ್ಥ ಹೇಗೆ ಬಂತೆಂಬುದನ್ನು ನೀವು ಗಮನಿಸಿದ್ದೀರಾ? ಪಡೆಯುವವನಿಗೆ ಬಿಟ್ಟಿ ಎಂದರೆ ಲಾಭ. ಕೊಡುವವನಿಗೆ ಅದೇ ಬಿಟ್ಟಿ ದಂಡ. ಸಂಸ್ಕೃತದ ‘ವಿಷ್ಟಿ’ ಕನ್ನಡದ ಬಾಯಲ್ಲಿ ‘ಬಿಟ್ಟಿ’ಯಾಯಿತು. ಕೂಲಿಯಿಲ್ಲದೆ ಅರಸನಿಗೋ ಊರ ಒಡೆಯನಿಗೋ ಮೈಮುರಿದು ದುಡಿಯಬೇಕಾದ ಕೆಲಸವೇ ಬಿಟ್ಟಿ. ಹಳೆಯ ಶಾಸನಗಳಲ್ಲಿ ತೆರಿಗೆಗಳನ್ನು ಒಂದರ ಹಿಂದೊಂದು ಎಣಿಸಿ ಹೇಳುವಾಗ ಬಿಟ್ಟಿಯೂ ಆ ಸಾಲಿನಲ್ಲಿ ಬಂದು ನಿಲ್ಲುತ್ತದೆ.

ಈಗ ಊರು ಗುಡಿಸುವುದು, ಕೆರೆಯ ಹೂಳೆತ್ತುವುದು, ಗಿಡ ನೆಡುವುದು ಎಂದರೆ ‘ಸ್ವಯಂಸೇವೆ’ ಎನ್ನುತ್ತೇವೆ. ಐವತ್ತು ಅರವತ್ತರ ದಶಕಗಳಲ್ಲಿ ಇದನ್ನೇ ‘ಶ್ರಮದಾನ’ ಎನ್ನುತ್ತಿದ್ದರು. ಅದಕ್ಕೂ ಹಿಂದೆ ಇದು ಊರಿನ ‘ಕಟ್ಟಳೆ’ಯಾಗಿತ್ತು. ಕೆಲಸ ಮೇಲುನೋಟಕ್ಕೆ ಒಂದೇ: ಗುದ್ದಲಿ, ಮಂಕರಿ, ಪೊರಕೆ, ಬಗ್ಗಿದ ಬೆನ್ನು. ಹೆಸರು ಬದಲಾದಂತೆಲ್ಲ ಆ ಬೆನ್ನು ಯಾರದು, ನೆರಳಿನಲ್ಲಿ ನಿಂತವರು ಯಾರು ಎಂಬುದೂ ಬದಲಾಯಿತೆ? ಮೈಸೂರು ಜಿಲ್ಲೆಯ ಎರಡು ತಾಲ್ಲೂಕುಗಳನ್ನು, ನಂಜನಗೂಡನ್ನೂ ತಿರುಮಕೂಡಲು ನರಸೀಪುರವನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಇವೆರಡನ್ನೂ ಕಟ್ಟಿಹಾಕಿರುವುದು ಒಂದೇ ನದಿ. ವೈನಾಡಿನ ಬೆಟ್ಟಗಳಿಂದ ಇಳಿದುಬರುವ ಕಪಿಲೆ, ಅಂದರೆ ಕಬಿನಿ, ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸ್ನಾನಘಟ್ಟವನ್ನು ಮುಟ್ಟಿ, ಮುಂದೆ ಹರಿದು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಕೂಡುತ್ತದೆಂಬ ನಂಬಿಕೆಯಿಂದ ಅದು ತಿರುಮಕೂಡಲು. ಮೈಸೂರು ವಿಶ್ವವಿದ್ಯಾನಿಲಯದ ಡಾಕ್ಟರ್ ಎಂ. ಶೇಷಾದ್ರಿಯವರು 1959ರಿಂದ ಕೆಲವು ವರ್ಷ ನರಸೀಪುರದಲ್ಲಿ ಭೂಶೋಧನೆ ನಡೆಸಿ, ಅಲ್ಲಿ ನವಶಿಲಾಯುಗದ ಜನ ನೆಲೆಸಿದ್ದರೆಂಬುದನ್ನು ತೋರಿಸಿಕೊಟ್ಟರು. ಪ್ರಾಕ್ತನ ಶಾಸ್ತ್ರಜ್ಞರಿಗೆ ಒಡೆದ ಮಡಕೆ, ಬಿಸಾಡಿದ ಎಲುಬು, ಬೂದಿ ಇವೇ ನಿಧಿ. ಆ ಕಾಲದವರು ಅಷ್ಟಿಷ್ಟು ಕಸ ಬಿಟ್ಟುಹೋದುದರಿಂದಲೇ ಅವರ ಸಂಗತಿ ನಮಗೆ ತಿಳಿಯಿತು. ಹಾಗೆಂದು ನಾವೂ ಮುಂದಿನವರ ಅನುಕೂಲಕ್ಕಾಗಿ ಬಿಟ್ಟುಹೋಗೋಣವೆಂದು ಯಾರೂ ವಾದಿಸಬಾರದು. ಮಡಕೆಯ ಚೂರಿಗೂ ಪ್ಲಾಸ್ಟಿಕ್ಕಿಗೂ ಅಂತರವಿದೆ.

ಬಿ. ಎಲ್. ರೈಸರು 1894ರಲ್ಲಿ ಅಚ್ಚು ಹಾಕಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳೂ ಸೇರಿವೆ. ತಲಕಾಡು ನರಸೀಪುರ ತಾಲ್ಲೂಕಿಗೇ ಸೇರಿದ ಊರಾದ್ದರಿಂದ ಇದು ಗಂಗರ ಹೃದಯಭೂಮಿ. ಗಂಗರ ಕಾಲದಿಂದ ನಮ್ಮ ನಾಡಿನ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಚೆಲುವಾದ ಮಾತೊಂದು ಬರುತ್ತದೆ. ಕೆರೆ ಕಟ್ಟಿಸಿದವನಿಗೆ, ಕೆಟ್ಟ ಕೆರೆಯನ್ನು ದುರಸ್ತಿ ಮಾಡಿಸಿದವನಿಗೆ ಆ ಕೆರೆಯ ಕೆಳಗಿನ ಜಮೀನಿನಲ್ಲೇ ಒಂದು ಪಾಲನ್ನು ಬಿಟ್ಟುಕೊಡುವ ಏರ್ಪಾಡು ಅದು. ಕೆರೆಯ ಹೂಳು ಸಾಗಿಸುವ ಬಂಡಿಗೆಂದು, ಬಂಡಿ ಎಳೆಯುವ ಕೋಣಗಳಿಗೆಂದು ದತ್ತಿ ಬಿಟ್ಟ ಶಾಸನಗಳೂ ಉಂಟು. ಈ ದತ್ತಿಗಳನ್ನು ಬರೆಸಿದವರ ಲೋಕಜ್ಞಾನವನ್ನು ಮೆಚ್ಚಬೇಕು. ಕೆರೆ ಕಟ್ಟಿಸುವುದು ಒಂದು ದಿನದ ಪುಣ್ಯವಾದರೆ ಅದನ್ನು ಕಾಪಾಡುವುದು ದಿನದಿನದ ಖರ್ಚು, ಆ ಖರ್ಚಿಗೆ ಒಂದು ಮೂಲ ತೋರಿಸದಿದ್ದರೆ ಕೆರೆ ಉಳಿಯದು ಎಂದು ಅವರು ಬಲ್ಲವರಾಗಿದ್ದರು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿರಿ. ಲೇಖನದ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಕೆರೆಗಳಂತೆಯೇ ನಾಲೆಗಳು. ನಂಜನಗೂಡು ತಾಲ್ಲೂಕಿನಲ್ಲಿ ಕಪಿಲೆಗೆ ಅಡ್ಡಲಾಗಿ ಹುಲ್ಲಹಳ್ಳಿಯ ಅಣೆಕಟ್ಟು, ಅದರಿಂದ ಹೊರಟ ಹುಲ್ಲಹಳ್ಳಿ ನಾಲೆ ಮತ್ತು ರಾಂಪುರ ನಾಲೆ. ತಲಕಾಡಿನ ಬಳಿ ಕಾವೇರಿಗೆ ಮಾಧವಮಂತ್ರಿ ಅಣೆಕಟ್ಟು. ಬೀಚನಹಳ್ಳಿಯ ಹತ್ತಿರ ಕಬಿನಿಗೆ 1974ರಲ್ಲಿ ದೊಡ್ಡ ಜಲಾಶಯ ಸಿದ್ಧವಾಗುವುದಕ್ಕೆ ಶತಮಾನಗಳ ಮುಂಚಿನಿಂದ ಈ ಸೀಮೆಯಲ್ಲಿ ಭತ್ತ ಬೆಳೆಯುತ್ತಿದ್ದುದು ಇಂಥ ಕಟ್ಟೆಗಳ ಬಲದಿಂದ. ನೀರು ಬಿಡುವ ಮುಂಚೆ ನಾಲೆ ಕಾಲುವೆಗಳ ಹುಲ್ಲು ಕೆತ್ತಿ, ಹೂಳು ತೆಗೆದು, ಏರಿಗೆ ಮಣ್ಣು ಹಾಕಬೇಕು. ಅವರವರ ಗದ್ದೆಯ ಅಳತೆಗೆ ತಕ್ಕಂತೆ ಅವರವರ ಪಾಲಿನ ಕೆಲಸ. ನೀರುಗಂಟಿ ಬಂದು ಕೂಗಿದರೆ ಹೊರಡಲೇಬೇಕು. ತಪ್ಪಿಸಿಕೊಂಡವನ ಗದ್ದೆಗೆ ನೀರು ತಡವಾಗುತ್ತದೆ. ಇದನ್ನು ಸೇವೆಯೆಂದು ಯಾರೂ ಕರೆಯಲಿಲ್ಲ, ಹಾರ ಹಾಕಲಿಲ್ಲ. ಅದು ಊರಿನ ಕಟ್ಟಳೆ. ಮೈಸೂರು ಸರ್ಕಾರ 1911ರಲ್ಲಿ ಕೆರೆ ಪಂಚಾಯಿತಿ ರೆಗ್ಯುಲೇಷನ್ ಎಂಬ ಶಾಸನ ಮಾಡಿದುದು ಸಡಿಲಗೊಳ್ಳುತ್ತಿದ್ದ ಈ ಕಟ್ಟಳೆಗೆ ಕಾಯಿದೆಯ ಆಸರೆ ಕೊಡುವುದಕ್ಕೆ.

ಆದರೆ ಹಳೆಯದೆಲ್ಲ ಹೊನ್ನೆಂದು ಹಾಡುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಕಟ್ಟಳೆ ನ್ಯಾಯವಾಗಿದ್ದುದು ಗದ್ದೆಯಿದ್ದವರ ನಡುವೆ. ಊರಿನಲ್ಲಿ ಸತ್ತ ದನ ಎಳೆಯುವವರು ಯಾರು? ಚಾವಡಿಯ ಮುಂದೆ ಗುಡಿಸುವವರು, ಜಾತ್ರೆಯ ಮಾರನೆಯ ದಿನ ರಥಬೀದಿಯ ಎಂಜಲೆಲೆ ಬಳಿಯುವವರು ಯಾರು? ಆ ಕೆಲಸ ಹುಟ್ಟಿನಿಂದ ಕೆಲವರ ಪಾಲಿಗೆ ಬರೆದಿತ್ತು. ಅವರು ಚೊಕ್ಕಟ ಮಾಡಿದ ಬೀದಿಯಲ್ಲಿ ಅವರಿಗೆ ನಡೆಯುವ ಹಕ್ಕಿರಲಿಲ್ಲ. ಅವರ ಕೇರಿ ಊರ ಹೊರಗೆ, ಅವರ ಬಾವಿ ಬೇರೆ. ಊರು ಎಂಬ ಮಾತಿನೊಳಗೆ ಕೇರಿ ಸೇರುತ್ತಿರಲಿಲ್ಲ. ಒಬ್ಬನ ಕಟ್ಟಳೆಯ ಬೆನ್ನ ಹಿಂದೆ ಇನ್ನೊಬ್ಬನ ಬಿಟ್ಟಿ ಅಡಗಿತ್ತು.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1914ರಲ್ಲಿ, ಗ್ರಾಮಾಭಿವೃದ್ಧಿ ಯೋಜನೆಯೊಂದು ಜಾರಿಗೆ ಬಂತು. ಹಳ್ಳಿಗೊಂದು ಸಮಿತಿ; ವಾರಕ್ಕೆ ಅರ್ಧ ದಿನ ಊರಿನವರೆಲ್ಲ ಸೇರಿ ಸಾರ್ವಜನಿಕ ಕೆಲಸಕ್ಕೆ ಕೈಹಾಕಬೇಕು. ಬಾವಿ ಸ್ವಚ್ಛಗೊಳಿಸಲಿ, ದಾರಿ ಸರಿಮಾಡಲಿ, ಗುಂಡಿ ಮುಚ್ಚಲಿ, ಮರ ನೆಡಲಿ. ಗಡಿಯಾರ ನೋಡಿ ಬದುಕಿದ ಆ ಮಹನೀಯರಿಗೆ ಒಪ್ಪುವಂಥ ಯೋಜನೆಯಿದು! ದುಡಿಮೆಯನ್ನು ಗಂಟೆಯ ಲೆಕ್ಕದಲ್ಲಿ ಕೇಳಿದ ಮೊದಲಿಗರು ಅವರೇ ಇರಬೇಕು. ಎಲ್ಲರಿಗೂ ಒಂದೇ ಅರ್ಧ ದಿನ ಎಂಬಲ್ಲಿ ಸಮತ್ವದ ಒಂದು ಬೀಜವಿತ್ತು. ಆದರೆ ಅಮಲ್ದಾರರ ಕುದುರೆ ಊರಿಗೆ ಬಂದಾಗ ಹುರುಪು, ಹೋದ ಮೇಲೆ ಮರವೆ ಎಂಬುದು ಸರ್ಕಾರಿ ಯೋಜನೆಗಳಿಗೆ ಅಂಟಿಬಂದ ರೋಗ. ಅದನ್ನು ಇಲ್ಲಿ ಬೆಳೆಸಿ ಹೇಳಬೇಕಾಗಿಲ್ಲ.

ಈ ಸೀಮೆಯಲ್ಲಿ ಬೇರೆ ಬಗೆಯ ಕೆಲಸ ಆರಂಭವಾದದ್ದು ಇಪ್ಪತ್ತರ ದಶಕದಲ್ಲಿ, ನಂಜನಗೂಡು ತಾಲ್ಲೂಕಿನ ತಗಡೂರು ಮತ್ತು ಬದನವಾಳು ಎಂಬ ಹಳ್ಳಿಗಳಲ್ಲಿ. ತಗಡೂರು ರಾಮಚಂದ್ರರಾಯರ ಹೆಸರನ್ನು ನಿಮ್ಮಲ್ಲಿ ಹಿರಿಯರು ಕೇಳಿರುತ್ತೀರಿ. ಖಾದಿಯನ್ನೂ ಅಸ್ಪೃಶ್ಯತಾ ನಿವಾರಣೆಯನ್ನೂ ಬಾಳಿನ ಕಸುಬು ಮಾಡಿಕೊಂಡ ಗಾಂಧಿವಾದಿಗಳು ಅವರು. ಬದನವಾಳಿನ ಖಾದಿ ಕೇಂದ್ರ ಗಾಂಧೀಜಿಯವರೇ ಬಂದು ನೋಡಿದ ಕೇಂದ್ರ. ಸುತ್ತಣ ಹಳ್ಳಿಗಳ ಹೆಣ್ಣುಮಕ್ಕಳು ಮನೆಯಲ್ಲಿ ನೂತ ನೂಲು ಅಲ್ಲಿಗೆ ಬರುತ್ತಿತ್ತು. ಬದಲಿಗೆ ಕೈಗೆ ನಾಲ್ಕು ಕಾಸು.

ಚರಕಕ್ಕೂ ಊರಿನ ನೈರ್ಮಲ್ಯಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಗಾಂಧೀಜಿಯವರ ಲೆಕ್ಕದಲ್ಲಿ ಇವು ಬೇರೆ ಬೇರೆಯಾಗಿರಲಿಲ್ಲ. ಅವರು 1941ರಲ್ಲಿ ರಚನಾತ್ಮಕ ಕಾರ್ಯಕ್ರಮವನ್ನು ಬರೆದಾಗ ಖಾದಿ, ಅಸ್ಪೃಶ್ಯತಾ ನಿವಾರಣೆ, ಗ್ರಾಮನೈರ್ಮಲ್ಯ ಮೂರನ್ನೂ ಒಂದೇ ಪಟ್ಟಿಯಲ್ಲಿ ಇಟ್ಟರು. ಪೊರಕೆಯನ್ನು ಜಾತಿಯಿಂದ ಬಿಡಿಸದೆ ಊರು ಚೊಕ್ಕಟವಾಗದೆಂಬುದು ಅವರ ಮತ. ಮೇಲುಜಾತಿಯ ಮನುಷ್ಯನೊಬ್ಬ ತಾನಾಗಿ ಪೊರಕೆ ಹಿಡಿದು ಕೇರಿಗೆ ನಡೆದುಹೋಗುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಬಂಧುಬಳಗದ ಊಟದ ಪಂಕ್ತಿಯಿಂದ ಹೊರಬೀಳಲು ಅಷ್ಟು ಸಾಕಾಗಿತ್ತು. ಬಿಟ್ಟಿಯೂ ಅಲ್ಲದೆ, ಕಟ್ಟಳೆಯೂ ಅಲ್ಲದೆ, ಒಬ್ಬ ತನ್ನ ಇಚ್ಛೆಯಿಂದ, ಸ್ವಂತ ನಷ್ಟವನ್ನು ಲೆಕ್ಕಿಸದೆ ಮಾಡಿದ ಕೆಲಸ ಈ ಸೀಮೆಯ ಚರಿತ್ರೆಯಲ್ಲಿ ಎದ್ದು ಕಾಣುವುದು ಇಲ್ಲಿಯೇ.

ಸ್ವಾತಂತ್ರ್ಯ ಬಂದ ಹೊತ್ತಿಗೆ ನಂಜನಗೂಡಿನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ನನಗೆ ಬಹಳ ಪ್ರಿಯವಾದ ಪ್ರಕರಣವಾದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ನಲವತ್ತರ ದಶಕದ ಮೊದಲಲ್ಲಿ ಮೈಸೂರಿನಲ್ಲಿ ಅಕ್ಷರಪ್ರಚಾರಕ್ಕಾಗಿ ಹುಟ್ಟಿಕೊಂಡ ಸಂಸ್ಥೆ ಬೆಳೆದು ವಯಸ್ಕರ ಶಿಕ್ಷಣ ಸಮಿತಿಯಾಯಿತು. ‘ಬೆಳಕು’ ವಾರಪತ್ರಿಕೆ, ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆ ಆ ಸಮಿತಿಯವು. ದೊಡ್ಡವರಿಗೆ ಅಕ್ಷರ ಕಲಿಸಿದರಷ್ಟೇ ಸಾಲದು, ಹಳ್ಳಿಯ ತರುಣರಿಗೆ ಹಳ್ಳಿಯ ಬದುಕನ್ನೇ ಚೆನ್ನಾಗಿ ಬದುಕುವುದನ್ನು ಕಲಿಸಬೇಕೆಂದು ಸಮಿತಿ 1947ರ ಸುಮಾರಿಗೆ ನಂಜನಗೂಡಿನಲ್ಲಿ ತನ್ನ ಮೊದಲ ವಿದ್ಯಾಪೀಠವನ್ನು ತೆರೆಯಿತು.

ಇದರ ಮೂಲ ಎಲ್ಲಿಯದೆಂದು ಬಲ್ಲಿರಾ? ದೂರದ ಡೆನ್ಮಾರ್ಕಿನದು. ಅಲ್ಲಿ ಗ್ರುಂಟ್ವಿ ಎಂಬ ಪಾದ್ರಿ, ಕವಿ, ಪರೀಕ್ಷೆಯೂ ಪದವಿಯೂ ಇಲ್ಲದ ಶಾಲೆಯ ಕನಸು ಕಂಡ. ರೈತರ ಮಕ್ಕಳು ಬಿತ್ತನೆ ಕೊಯ್ಲುಗಳ ಬಿಡುವಿನಲ್ಲಿ ಬಂದು ತಂಗಿ, ಒಟ್ಟಿಗೆ ಉಂಡು, ಹಾಡಿ, ಚರಿತ್ರೆ ಕೇಳಿ, ಮರಳಿ ಹೊಲಕ್ಕೇ ಹೋಗುವ ಶಾಲೆ. ಅಂಥ ಮೊದಲ ಜನತಾಶಾಲೆ 1844ರಲ್ಲಿ ರೋಡಿಂಗ್ ಎಂಬ ಊರಿನಲ್ಲಿ ತೆರೆಯಿತು. ನೂರು ವರ್ಷದ ಮೇಲೆ ಆ ಕಲ್ಪನೆ ಕಪಿಲೆಯ ದಡದಲ್ಲಿ ಬೇರುಬಿಟ್ಟಿತು. ಬೇಸಾಯ, ಸಹಕಾರ, ಕೈಕಸಬು, ಊರಿನ ಆರೋಗ್ಯ ನೈರ್ಮಲ್ಯ, ಜನಪದ ಕಲೆ ಇವೆಲ್ಲ ಪಾಠ. ಒಕ್ಕಲ ಮಕ್ಕಳು ಒಂದೇ ಸೂರಿನ ಕೆಳಗೆ ಇದ್ದು ಕಲಿಯುತ್ತಿದ್ದರು. ಇಲ್ಲಿ ಕಲಿತವನಿಗೆ ಗುಮಾಸ್ತೆಯ ಕೆಲಸ ಸಿಗುತ್ತಿರಲಿಲ್ಲ. ಹಿಂದಿರುಗುವುದು ಅದೇ ಮನೆಗೆ, ಅದೇ ತಿಪ್ಪೆಯ ಮುಂದಕ್ಕೆ. ಆದರೆ ತಿಪ್ಪೆಯನ್ನು ಗುಂಡಿ ತೋಡಿ ಗೊಬ್ಬರ ಮಾಡುವುದನ್ನು ಕಲಿತವನ ಕಣ್ಣಿಗೆ ಅದು ಮೊದಲಿನ ತಿಪ್ಪೆಯಲ್ಲ. ಬೇರೆ ಊರುಗಳಲ್ಲಿಯೂ ಇಂಥ ವಿದ್ಯಾಪೀಠಗಳು ಏಳಲು ನಂಜನಗೂಡಿನದೇ ಮೇಲ್ಪಂಕ್ತಿಯಾಯಿತು.

ಪ್ರಸಂಗವಶಾತ್ ಒಂದು ಮಾತು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಪುಟ್ಟ ಪ್ರೇಷಕ ಯಂತ್ರವೊಂದನ್ನು ಇಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದರಲ್ಲವೆ? ಅದೂ ಒಬ್ಬ ಗೃಹಸ್ಥರ ಸ್ವಯಂಸೇವೆಯೇ. ನಿಮ್ಮ ಮನೆಯ ರೇಡಿಯೋ ಪೆಟ್ಟಿಗೆಯ ವಂಶವೃಕ್ಷವೂ ಈ ಚರಿತ್ರೆಗೆ ಸೇರುತ್ತದೆ.

ಮುಂದಿನದು ಶ್ರಮದಾನದ ಯುಗ. 1952ರ ಅಕ್ಟೋಬರ್ 2ರಂದು ಸಮುದಾಯ ವಿಕಾಸ ಯೋಜನೆ ದೇಶದಲ್ಲಿ ಆರಂಭವಾಯಿತು. ಬ್ಲಾಕುಗಳು ಬಂದವು, ಗ್ರಾಮಸೇವಕರು ಬಂದರು. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ವಿನೋಬಾ ಅವರ ಸನ್ನಿಧಿಯಲ್ಲಿ ಎಲ್ಲ ಪಕ್ಷಗಳ ಮುಖಂಡರೂ ಕೂಡಿ ಗ್ರಾಮದಾನವನ್ನು ಹರಸಿದರು. ಭೂದಾನ, ಗ್ರಾಮದಾನ, ಶ್ರಮದಾನ: ಆ ಹತ್ತು ವರ್ಷ ‘ದಾನ’ ಎಂಬ ಪದಕ್ಕೆ ಬಂದ ಮರ್ಯಾದೆ ಹಿಂದೆಯೂ ಇರಲಿಲ್ಲ, ಆಮೇಲೆಯೂ ಉಳಿಯಲಿಲ್ಲ. ಬುಟ್ಟಿ ಹೊತ್ತ ಮಂತ್ರಿಗಳ ಚಿತ್ರ ಪತ್ರಿಕೆಗಳಲ್ಲಿ ಬಂತು. ರಸ್ತೆಗಳಾದವು, ಶಾಲೆಗಳ ಗೋಡೆಗಳೆದ್ದವು. ನಗುವವರು ನಗಲಿ, ಆ ಗೋಡೆಗಳ ನೆರಳಿನಲ್ಲಿ ಓದಿದವರು ಸಾವಿರಾರು ಜನ.

ಆದರೆ ಆ ಹೊತ್ತಿನಲ್ಲೇ ಒಂದು ಎಚ್ಚರದ ಮಾತೂ ಕೇಳಿಸಿತು. ಎಸ್. ಸಿ. ದುಬೆ ಎಂಬ ಸಮಾಜಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಈ ಯೋಜನೆಯನ್ನು ಹತ್ತಿರದಿಂದ ನೋಡಿ 1958ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಶ್ರಮದಾನದಲ್ಲಿ ಊರಿನ ದೊಡ್ಡವರು ಮೇಲ್ವಿಚಾರಣೆ ನಡೆಸಿದರು, ಮಣ್ಣು ಹೊತ್ತವರು ಬಡವರು. ರಸ್ತೆಯ ಪ್ರಯೋಜನ ಗಾಡಿಯಿದ್ದವರಿಗೆ ಹೆಚ್ಚು, ಗಾಡಿಯಿಲ್ಲದವರಿಗೆ ಕಡಮೆ. ಹೀಗಾಗಿ ಬಡವರ ಕಣ್ಣಿಗೆ ಇದು ಹಳೆಯ ಬೇಗಾರಿಯೇ ಹೊಸ ಹೆಸರಿನಲ್ಲಿ ಬಂದಂತೆ ಕಂಡಿತು ಎಂಬುದು ಅವರ ಶೋಧನೆಯ ಸಾರ. ಬೇಗಾರಿ ಎಂದರೆ ನಮ್ಮ ಬಿಟ್ಟಿಯೇ! ನಮ್ಮ ಸೀಮೆಯಲ್ಲಿಯೂ ಪಟೇಲರ ಮಾತಿಗೆ ಎದುರಾಡದ ಕಾಲ ಅದು. ದಾನ ಕೊಡುವವನಿಗೆ ‘ಇಲ್ಲ’ ಎನ್ನುವ ಸ್ವಾತಂತ್ರ್ಯವಿರಬೇಕು; ಅದಿಲ್ಲದಿದ್ದರೆ ಅದನ್ನು ದಾನವೆಂದು ಹೇಗೆ ಕರೆಯೋಣ?

‘ಇಲ್ಲ’ ಎನ್ನುವ ಸ್ವಾತಂತ್ರ್ಯ ಕಾಯಿದೆಯ ಮೂಲಕ ಬರತೊಡಗಿದ್ದು ಆಮೇಲೆ. 1961ರ ಶಾಸನ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಪಟೇಲಿಕೆ ಶಾನುಭೋಗಿಕೆಗಳೊಂದಿಗೆ ತೋಟಿ ತಳವಾರರ ಹುಟ್ಟಿನ ಚಾಕರಿಯೂ ಹೋಯಿತು. ಎಪ್ಪತ್ತರ ದಶಕದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಪಟ್ಟಣಗಳನ್ನು ಚೊಕ್ಕಟವಾಗಿಡುವವರ ಸ್ಥಿತಿಗತಿಯನ್ನು ಕುರಿತ ಐ. ಪಿ. ಡಿ. ಸಾಲಪ್ಪನವರ ವರದಿ 1976ರದು. ಪೊರಕೆಯನ್ನು ಜಾತಿಯಿಂದ ಬಿಡಿಸುವ ಕೆಲಸದಲ್ಲಿ ಈ ಕಡತಗಳು ಮಾಡಿದಷ್ಟನ್ನು ನೂರು ಶ್ರಮದಾನ ಶಿಬಿರಗಳು ಮಾಡಿದವೆಂದು ನಾನು ಹೇಳಲಾರೆ.

ಪುನಃ ಬದನವಾಳಿಗೆ ಬರೋಣ. ನೂಲಿನ ಕೇಂದ್ರ ಕಾಲಕ್ರಮದಲ್ಲಿ ಕ್ಷೀಣಿಸಿತು. 1993ರಲ್ಲಿ, ಗಾಂಧೀಜಿ ಕಾಲಿಟ್ಟ ಅದೇ ಊರಿನಲ್ಲಿ, ಜಾತಿಯ ಕಲಹದಲ್ಲಿ ಮೂವರು ದಲಿತರ ಕೊಲೆಯಾಯಿತು. ಎರಡು ಕೇರಿಗಳ ನಡುವಣ ಹಾದಿ ಅಂದಿನಿಂದ ಬಳಕೆ ತಪ್ಪಿತು. ರಸ್ತೆಯೊಂದು ಹಾಳಾಗಲು ಮಳೆಯೇ ಬೇಕೆಂದಿಲ್ಲ. ಜನ ನಡೆಯುವುದನ್ನು ಬಿಟ್ಟರೆ ಸಾಕು.

ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ಈ ಊರನ್ನೇ ಆರಿಸಿಕೊಂಡು ಸುಸ್ಥಿರ ಬದುಕಿಗಾಗಿ ಬದನವಾಳು ಸತ್ಯಾಗ್ರಹ ನಡೆಸಿದರು. ಏಪ್ರಿಲ್ 19ರ ಸಮಾವೇಶಕ್ಕೆ ನಾಡಿನ ನಾನಾ ಕಡೆಗಳಿಂದ ಜನ ಬಂದರು, ಕೆಲವರು ನಡೆದೇ ಬಂದರು. ಏಳು ವರ್ಷಗಳ ಮೇಲೆ, 2022ರ ಅಕ್ಟೋಬರ್ 2ರಂದು, ಕಾಂಗ್ರೆಸ್ ಪಕ್ಷದ ಭಾರತ್ ಜೋಡೋ ಯಾತ್ರೆ ಅಲ್ಲಿಗೆ ಬಂದಾಗ ಆ ಮುಚ್ಚಿದ ಹಾದಿಗೆ ಕಲ್ಲುಹಾಸಿ ತೆರೆಯಲಾಯಿತು. ಎರಡೂ ಕಡೆಯವರು ಒಟ್ಟಿಗೆ ಕುಳಿತು ಉಂಡರು. ರಾಜಕೀಯವನ್ನು ನಿಮ್ಮ ನಿಮ್ಮ ಅಭಿಪ್ರಾಯಕ್ಕೆ ಬಿಟ್ಟಿದ್ದೇನೆ. ನನಗೆ ಮುಖ್ಯವಾಗಿ ಕಂಡದ್ದು ಆ ಹಾದಿಯ ಅಳತೆ. ಎರಡು ಕೇರಿಗಳ ನಡುವಣ ಅಷ್ಟು ಚಿಕ್ಕ ಹಾದಿಯನ್ನು ತೆರೆಯಲು ಇಪ್ಪತ್ತೊಂಬತ್ತು ವರ್ಷ ಹಿಡಿಯಿತು.

ಇನ್ನು ನದಿಯ ಮಾತು. ನಂಜುಂಡ ಎಂದರೆ ವಿಷವನ್ನು ಉಂಡವನು. ರೋಗ ಕಳೆಯುವ ವೈದ್ಯನೆಂದು ಅವನಿಗೆ ಪ್ರಸಿದ್ಧಿ. ಟಿಪ್ಪು ಸುಲ್ತಾನ ಅವನನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂಬ ಐತಿಹ್ಯ ನಿಮಗೆ ಗೊತ್ತಿದೆ. ಅವನ ಬಾಗಿಲಲ್ಲಿ ಹರಿಯುವ ಹೊಳೆಗೆ ನಾವು ಉಣಿಸುತ್ತಿರುವುದೂ ನಂಜನ್ನೇ. ಸ್ನಾನ ಮುಗಿಸಿ ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟರೆ ಪೀಡೆ ಕಳೆಯುತ್ತದೆಂದು ಎಷ್ಟೋ ಯಾತ್ರಿಕರು ನಂಬಿದ್ದಾರೆ. ಊರಿನ ಚರಂಡಿಯ ನೀರೂ ಬಂದು ಕೂಡುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದೀಭಾಗಗಳ ಪಟ್ಟಿ ಮಾಡಿದಾಗ ನಂಜನಗೂಡಿನಿಂದ ಹೆಜ್ಜಿಗೆಯವರೆಗಿನ ಕಪಿಲೆಯೂ ಅದರಲ್ಲಿ ಸೇರಿತು. ಕೆಳಗೆ, 1989ರಿಂದ ಕುಂಭಮೇಳ ನಡೆಯುತ್ತಿರುವ ತಿರುಮಕೂಡಲಿನ ಸಂಗಮಕ್ಕೆ ಹೋಗಿ ಸೇರುವುದೂ ಇದೇ ನೀರು. 2025ರ ಫೆಬ್ರವರಿಯ ಮೇಳದಲ್ಲಿ ಮಿಂದವರಲ್ಲಿ ನೀವೂ ಇದ್ದಿರಬಹುದು.

ಈ ಹೊಳೆಗೆ ಇಳಿದು ಬಟ್ಟೆ ಎಳೆಯುವ ತರುಣರು ಬೇರೆ ಬೇರೆ ಸಂಘಗಳವರು, ಬೇರೆ ಬೇರೆ ನಂಬಿಕೆಯವರು. ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಮಕ್ಕಳೂ ಬರುತ್ತಾರೆ. ಒಂದು ಭಾನುವಾರ ಬೆಳಿಗ್ಗೆ ನಾನು ಸ್ನಾನಘಟ್ಟದ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಸೊಂಟದ ಮಟ್ಟ ನೀರಿನಲ್ಲಿ ಏಳೆಂಟು ಹುಡುಗರು. ಕೆಸರು ಕುಡಿದ ಸೀರೆ ಎಷ್ಟು ಭಾರವಿರುತ್ತದೆಂಬುದನ್ನು ಎಳೆದವರೇ ಹೇಳಬೇಕು. ಒಂದಕ್ಕೆ ಇಬ್ಬರು ಬೇಕಾಗುತ್ತಿತ್ತು. ದಡದ ಮೇಲೆ ಆಳೆತ್ತರದ ರಾಶಿ ಬಿತ್ತು. ಅದೇ ಹೊತ್ತಿಗೆ ಹತ್ತು ಮಾರು ಆಚೆ ಒಂದು ಸಂಸಾರ ಸ್ನಾನ ಮುಗಿಸಿ, ಕೈಮುಗಿದು, ಒಂದು ಪಂಚೆಯನ್ನು ತೇಲಿಬಿಟ್ಟಿತು. ಹುಡುಗರಲ್ಲಿ ಒಬ್ಬ, ‘ಅಮ್ಮಾ, ಅದನ್ನ ಇಲ್ಲಿಗೇ ಕೊಟ್ಟುಬಿಡಿ, ನಾವೇ ಹಾಕ್ತೀವಿ’ ಎಂದು ಕೂಗಿದ. ಆ ತಾಯಿ ನಕ್ಕುಬಿಟ್ಟರು. ಆದರೆ ಪಂಚೆ ಆಗಲೇ ಹೋಗಿತ್ತು, 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದರೆಂಬ ಹಳೆಯ ಸೇತುವೆ ಆ ಹೊಳೆಗೇ ಇದೆ. ಅದರ ಕಮಾನುಗಳ ನೆರಳು ಇಂಥ ಎಷ್ಟು ಪಂಚೆಗಳನ್ನು ಕಂಡಿದೆಯೋ.

ಮಧ್ಯಾಹ್ನದ ಹೊತ್ತಿಗೆ ಹುಡುಗರು ಚಿತ್ರ ತೆಗೆಸಿಕೊಂಡು, ಕೈಕಾಲು ತೊಳೆದು, ಬಸ್ಸು ಹತ್ತಿದರು. ಅವರನ್ನು ನಾನು ಆಡಿಕೊಳ್ಳುವುದಿಲ್ಲ. ಬಿಟ್ಟಿಗೂ ಬಾರದೆ, ಕಟ್ಟಳೆಗೂ ಬಾರದೆ, ರಜೆಯ ದಿನವನ್ನು ಬಿಟ್ಟು ಬಂದವರು ಅವರು. ದಡದ ರಾಶಿ ಮಾತ್ರ ಹಾಗೆಯೇ ಇತ್ತು. ಮಾರನೆಯ ಬೆಳಿಗ್ಗೆ ಪೌರಕಾರ್ಮಿಕರು ಗಾಡಿ ತಂದರು. ಮೂವರು ಹೆಂಗಸರು, ಒಬ್ಬ ಗಂಡಸು. ಒದ್ದೆ ಬಟ್ಟೆಯನ್ನು ಮುಳ್ಳುಗೋಲಿನಿಂದ ಎತ್ತಿ ಎತ್ತಿ ತುಂಬುತ್ತ ಅವರಲ್ಲೊಬ್ಬಾಕೆ, ‘ನಿನ್ನೆ ಬಂದಿದ್ದವರು ಇನ್ಯಾವಾಗ ಬರ್ತಾರಂತೆ ಸ್ವಾಮಿ?’ ಎಂದು ನನ್ನನ್ನು ಕೇಳಿದರು. ಬಿತ್ತುವಟ್ಟ ಬರೆಸಿದವರ ನೆನಪು ನನಗಾದದ್ದು ಆಗ. ‘ತಿಳಿಯದಮ್ಮ’ ಎಂದೆ. ಆಕೆ ಗಾಡಿಯ ಹಲಗೆ ಮುಚ್ಚಿ ಚಿಲಕ ಹಾಕಿದರು.